ಪಾಲೆ ಕೆತ್ತೆಯನ್ನು ಲ್ಯಾಬಿಗೆ ಒಯ್ದ ಕಥೆ

ನಮ್ಮ ತುಳುನಾಡಿನಲ್ಲಿ ಆಟಿ ಅಮಾವಾಸ್ಯೆಯ ಬೆಳಗ್ಗೆ ಪಾಲೆ ಮರದ ಕೆತ್ತೆಯ ಕಷಾಯ ಕುಡಿಯದ ಮನೆ ಕಡಿಮೆ. ಸೂರ್ಯ ಹುಟ್ಟುವ ಮೊದಲೇ ಕಲ್ಲಿನಿಂದ ಜಜ್ಜಿ ತೊಗಟೆ ತೆಗೆಯಬೇಕು, ಕತ್ತಿ ತಾಗಿಸಬಾರದು. ಅಂಥಿಂಥ ಕಹಿಯಲ್ಲ ಅದು. ಆಮೇಲೆ ಸಿಗುವ ಮೆಂತೆ ಗಂಜಿಯ ಆಸೆಗೆ ಕಣ್ಣು ಮುಚ್ಚಿ ನುಂಗುತ್ತಿದ್ದೆ. ಜ್ವರ ಹತ್ತಿರ ಸುಳಿಯುವುದಿಲ್ಲ ಅಂತ ಅಜ್ಜಿ ಹೇಳುತ್ತಿದ್ದರು. ಮಲೇರಿಯಾ ಲ್ಯಾಬ್ ಸೇರಿದಾಗ ನಾನು ಮೊದಲು ಕೈಗೆತ್ತಿಕೊಂಡದ್ದು ಇದನ್ನೇ.

ಮೊದಲು ಮರ ಗುರುತಿಸಬೇಕು. ಪಾಲೆ ಅಂದುಕೊಂಡು ಕಾಸರಕನ ತೊಗಟೆ ತಂದರೆ ಜೀವಕ್ಕೇ ಅಪಾಯ. ಹೂ ಬಿಡುವ ತನಕ ಕಾದು, ಟೊಂಗೆ ಒಣಗಿಸಿ, ಸಸ್ಯಶಾಸ್ತ್ರದವರು ಪಾಲೆಯ ವೈಜ್ಞಾನಿಕ ಹೆಸರು ಹೇಳಿ 'ಆಲ್‌ಸ್ಟೋನಿಯಾ ಸ್ಕಾಲರಿಸ್ ಹೌದು' ಎಂದ ಮೇಲೆಯೇ ಮುಂದುವರಿದೆ.

ತೊಗಟೆ ಪುಡಿಯನ್ನು ಎರಡು ಪಾಲು ಮಾಡಿದೆ. ಒಂದನ್ನು ಮನೆಯಲ್ಲಿ ಮಾಡಿದ ಹಾಗೆ ನೀರಲ್ಲಿ ಕುದಿಸಿದೆ. ಇನ್ನೊಂದನ್ನು ಬಿಸಿ ಮಾಡದೆ ಮೆಥನಾಲಿನಲ್ಲಿ ನೆನೆಸಿಟ್ಟೆ. ಚೀನಾದ ವಿಜ್ಞಾನಿ ತು ಯುಯು ಅವರಿಗೆ ಆರ್ಟಿಮಿಸಿನಿನ್ ಎಂಬ ಮಲೇರಿಯಾ ಔಷಧಿ ಸಿಕ್ಕಿದ್ದು, ಗಿಡವನ್ನು ಕುದಿಸುವುದು ಬಿಟ್ಟು ಕಡಿಮೆ ಬಿಸಿಯಲ್ಲಿ ಈಥರ್ ಬಳಸಿದಾಗ ಅಲ್ವಾ? ಆ ಕೆಲಸಕ್ಕೆ 2015ರಲ್ಲಿ ನೊಬೆಲ್ ಬಂತು.

ಸಾರವನ್ನು ಪರೀಕ್ಷಿಸಲು ಮಲೇರಿಯಾ ತರುವ ಪರಾವಲಂಬಿ, ಅಂದರೆ ಪ್ಯಾರಸೈಟ್, ಬೇಕು. ಅದನ್ನು ಸಾಕುವುದು ಕೂಸು ಸಾಕಿದ ಹಾಗೆ. ದಿನಾ ಮೀಡಿಯಂ (ಅದು ಬೆಳೆಯುವ ಪೋಷಕ ದ್ರವ) ಬದಲಿಸಬೇಕು, ಹಬ್ಬವಿದ್ದರೂ ಬಿಡುವಿಲ್ಲ. ಟ್ರೇಗರ್ ಮತ್ತು ಜೆನ್ಸನ್ ಎಂಬ ವಿಜ್ಞಾನಿಗಳು 1976ರಲ್ಲಿ ತೋರಿಸಿದ ದಾರಿಯೇ ಈಗಲೂ ನಡೆಯುತ್ತಿದೆ. ಮನುಷ್ಯರ ಕೆಂಪು ರಕ್ತಕಣ, ಆರ್‌ಪಿಎಂಐ 1640 ಮೀಡಿಯಂ, ಕಡಿಮೆ ಆಮ್ಲಜನಕ. ನಾವು ಜಾಡಿಯೊಳಗೆ ಮೇಣದ ಬತ್ತಿ ಹಚ್ಚಿ ಮುಚ್ಚಳ ಹಾಕುತ್ತಿದ್ದೆವು. ಬತ್ತಿ ಆರುವಾಗ ಗಾಳಿ ಹದಕ್ಕೆ ಬಂದಿರುತ್ತದೆ.

ಸಣ್ಣ ಸಣ್ಣ ಗುಂಡಿಗಳಿರುವ ಪ್ಲೇಟಿನಲ್ಲಿ ಪ್ಯಾರಸೈಟ್ ಇರುವ ರಕ್ತಕ್ಕೆ ಸಾರ ಹಾಕುವುದು. ಪಾಲೆಯದ್ದಲ್ಲದೆ, ಬೇರೆ ಗುಂಡಿಗಳಲ್ಲಿ ಉತ್ತರಣಿ ಗಿಡದ ಬೀಜದ ಸಾರವನ್ನೂ ಹಾಕಿದ್ದೆ. ಸೈಬರ್ ಗ್ರೀನ್ ಎಂಬ ಬಣ್ಣ ಡಿಎನ್‌ಎಗೆ ಅಂಟಿ ಹೊಳೆಯುತ್ತದೆ. ಕೆಂಪು ರಕ್ತಕಣದಲ್ಲಿ ನಮ್ಮ ಡಿಎನ್‌ಎ ಇಲ್ಲ. ಹಾಗಾಗಿ ಹೊಳಪು ಕಂಡರೆ ಅದು ಪ್ಯಾರಸೈಟಿನದ್ದೇ. ಉತ್ತರಣಿಯ ಗುಂಡಿಗಳಲ್ಲಿ ಹೊಳಪು ಏರಲೇ ಇಲ್ಲ, ಅಂದರೆ ಪ್ಯಾರಸೈಟ್ ಬೆಳೆದಿಲ್ಲ! ರಾತ್ರಿ ನಿದ್ದೆ ಬರಲಿಲ್ಲ. ಬೆಳಗ್ಗೆ ಪ್ಲೇಟನ್ನು ಬೆಳಕಿಗೆ ಹಿಡಿದಾಗ ಮೇಲಿನ ನೀರು ದಾಳಿಂಬೆ ರಸದ ಹಾಗೆ ಕೆಂಪಗಿತ್ತು. ಸತ್ತದ್ದು ಪ್ಯಾರಸೈಟ್ ಮಾತ್ರವಲ್ಲ, ರಕ್ತಕಣವೇ ಒಡೆದಿತ್ತು. ಉತ್ತರಣಿಯಲ್ಲಿ ಸಪೋನಿನ್ ಎಂಬ ಸೋಪಿನಂಥ ವಸ್ತು ಇದೆ. ರಕ್ತಕಣ ಒಡೆಯಲೆಂದೇ ನಮ್ಮ ಕಪಾಟಿನಲ್ಲೂ ಸಪೋನಿನ್ ಬಾಟಲಿ ಇತ್ತು. ಮನೆ ಸುಟ್ಟು ಇಲಿ ಕೊಂದಂತಾಯಿತು. ಅಂದಿನಿಂದ ಪ್ರತಿ ಸಾರವನ್ನೂ ಪ್ಯಾರಸೈಟ್ ಇಲ್ಲದ ರಕ್ತಕ್ಕೆ ಹಾಕಿ ನೋಡದೆ ಮುಂದೆ ಹೋಗಿಲ್ಲ. ಪ್ಯಾರಸೈಟ್ ಕಾಣುವಂತೆ ಗೀಮ್ಸಾ ಬಣ್ಣ ಹಾಕಿದ ಸ್ಲೈಡನ್ನೂ ಸೂಕ್ಷ್ಮದರ್ಶಕದಲ್ಲಿ ಕಣ್ಣಾರೆ ನೋಡುತ್ತೇನೆ.

ಇನ್ನು ಪಾಲೆ. ಮೂರು ಸಲ ಮಾಡಿದೆ, ಮೂರು ಸಲವೂ ಸಪ್ಪೆ. ಪ್ಯಾರಸೈಟಿನ ಬೆಳವಣಿಗೆ ಅರ್ಧಕ್ಕಿಳಿಯಲು ಮಿಲಿಲೀಟರಿಗೆ ಹತ್ತು ಮೈಕ್ರೋಗ್ರಾಂ ಸಾಕಾದರೆ ಆ ಸಾರದ ಮೇಲೆ ಆಸೆ ಇಟ್ಟುಕೊಳ್ಳಬಹುದು. ನಮ್ಮ ತೊಗಟೆಯ ಎರಡೂ ಸಾರಗಳು ಅದರ ಹತ್ತಿರವೂ ಬರಲಿಲ್ಲ. ಪಕ್ಕದ ಗುಂಡಿಯ ಮಲೇರಿಯಾ ಔಷಧಿ ಕ್ಲೋರೋಕ್ವಿನ್ ಮಾತ್ರ ನ್ಯಾನೋಮೋಲಾರ್ ಲೆಕ್ಕದಲ್ಲೇ, ಅಂದರೆ ತೀರಾ ಚೂರು ಪ್ರಮಾಣದಲ್ಲೇ, ಕೆಲಸ ಮುಗಿಸುತ್ತಿತ್ತು.

ಒಂದು ಮಾತು ಹೇಳಲೇಬೇಕು. ಮಲೇರಿಯಾ ಪ್ಯಾರಸೈಟಿನಲ್ಲಿ ಬೇರೆ ಬೇರೆ ಜಾತಿಗಳಿವೆ. ನಾನು ಬಳಸಿದ್ದು 3ಡಿ7, ಅಂದರೆ ಫಾಲ್ಸಿಪಾರಮ್ ಜಾತಿಯ ಒಂದು ತಳಿ. ಮಂಗಳೂರಿನಲ್ಲಿ ಜಾಸ್ತಿ ಕಾಣುವುದು ವೈವಾಕ್ಸ್ ಎಂಬ ಇನ್ನೊಂದು ಜಾತಿ. ಎಳೆಯ ರಕ್ತಕಣವೇ ಬೇಕೆಂದು ಹಟ ಹಿಡಿಯುವ ಅದನ್ನು ಲ್ಯಾಬಿನಲ್ಲಿ ಫಾಲ್ಸಿಪಾರಮ್ ಹಾಗೆ ಸಾಕಲು ಆಗುವುದಿಲ್ಲ.

ಅಮ್ಮನಿಗೆ ಎಲ್ಲ ಹೇಳಿದೆ. ಮರು ವರ್ಷ ಆಟಿಯಲ್ಲಿ ಲೋಟವೂ ಬಂತು, ಗಂಜಿಯೂ ಬಂತು. ಜ್ವರ ಬಂದರೆ ಮಾತ್ರ ಮೊದಲು ರಕ್ತ ಪರೀಕ್ಷೆ ಅಂತ ಒಪ್ಪಿಸಿದ್ದೇನೆ.