ಆಪ್ಟಿಕಲ್ ಡ್ರೈವ್‌ನ ಬಗೆ ಮತ್ತು ಸಾಮರ್ಥ್ಯ: ಪವರ್‌ಶೆಲ್ ಸ್ಕ್ರಿಪ್ಟ್‌ನಿಂದ ತಿಳಿಯುವ ವಿಧಾನ

ಆಲಮಟ್ಟಿ ಹಿನ್ನೀರಿನಲ್ಲಿ ಹಳೆಯ ಬಾಗಲಕೋಟೆಯ ಒಂದು ಭಾಗ ಮುಳುಗುವ ಮೊದಲು ತೆಗೆದ ಫೋಟೊಗಳೂ ಮದುವೆಯ ವಿಡಿಯೊಗಳೂ ನವನಗರದ ಮನೆಗಳಲ್ಲಿ ಇನ್ನೂ ಸಿ.ಡಿ., ಡಿ.ವಿ.ಡಿ.ಗಳಲ್ಲೇ ಉಳಿದಿರುವುದುಂಟು. ಅವನ್ನು ಹಾರ್ಡ್ ಡಿಸ್ಕ್‌ಗೆ ಇಳಿಸಿಕೊಡುವ ಸ್ಟುಡಿಯೊದವರಿಗೂ, ಹಳೆಯ ಹೊಸ ಕಂಪ್ಯೂಟರುಗಳು ಬೆರೆತಿರುವ ಕಾಲೇಜು ಲ್ಯಾಬ್ ನೋಡಿಕೊಳ್ಳುವವರಿಗೂ ಯಾವ ಯಂತ್ರದ ಡ್ರೈವ್ ಯಾವ ಡಿಸ್ಕ್ ಓದುತ್ತದೆ, ಯಾವುದರ ಮೇಲೆ ಬರೆಯುತ್ತದೆ ಎಂಬ ಪಟ್ಟಿ ಮೊದಲು ಬೇಕಾಗುತ್ತದೆ. ಟ್ರೇ ಮೇಲಿನ ಮುದ್ರೆಯನ್ನು ನಂಬುವುದಕ್ಕಿಂತ ಡ್ರೈವನ್ನೇ ಕೇಳುವುದು ಮೇಲು. ಕೆಳಗಿನ ಕಮಾಂಡುಗಳ ಹೆಸರುಗಳನ್ನು ಉಚ್ಚಾರಣೆಗೆ ತಕ್ಕಂತೆ ಬರೆದಿದೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳನ್ನೇ ಬಳಸಬೇಕು.

ಮೊದಲ ಹಂತದಲ್ಲಿ ವಿಂಡೋಸ್‌ಗೆ ಕಮಾಂಡುಗಳನ್ನು ಟೈಪ್ ಮಾಡಿ ಕೊಡುವ ಪವರ್‌ಶೆಲ್ ತೆರೆದು, ಗೆಟ್-ಸಿಮ್‌ಇನ್‌ಸ್ಟನ್ಸ್ ಕಮಾಂಡಿಗೆ ವಿನ್32_ಸಿಡಿರಾಮ್‌ಡ್ರೈವ್ ಎಂಬ ಕ್ಲಾಸಿನ (ಒಂದು ಬಗೆಯ ಸಾಧನಗಳ ಮಾಹಿತಿಯ ಗುಂಪಿನ) ಹೆಸರನ್ನು ಕೊಡಬೇಕು. ಬರುವ ಉತ್ತರದಲ್ಲಿ ಡ್ರೈವ್ ಎಂಬ ಗುಣ (ಪ್ರಾಪರ್ಟಿ) ಡ್ರೈವ್‌ನ ಅಕ್ಷರವನ್ನೂ, ಕ್ಯಾಪ್ಷನ್ ತಯಾರಕರಿಟ್ಟ ಹೆಸರನ್ನೂ, ಮೀಡಿಯಾಲೋಡೆಡ್ ಒಳಗೆ ಡಿಸ್ಕ್ ಇದೆಯೇ ಎಂಬುದನ್ನೂ, ಮೀಡಿಯಾಟೈಪ್ ಡ್ರೈವ್‌ನ ಸ್ಥೂಲ ಬಗೆಯನ್ನೂ ತಿಳಿಸುತ್ತವೆ. ಪಿಎನ್‌ಪಿಡಿವೈಸ್‌ಐಡಿ ಎಂಬ ಗುಣವನ್ನು ಬಿಡದೆ ನೋಡಬೇಕು. ಅದು ಯುಎಸ್‌ಬಿಸ್ಟೋರ್ ಎಂದು ಆರಂಭವಾಗಿದ್ದರೆ ಡ್ರೈವ್ ಹೊರಗಿನಿಂದ ಜೋಡಿಸಿದ್ದು ಎಂದರ್ಥ. ಅದರಲ್ಲಿ ವರ್ಚುವಲ್ ಡಿವಿಡಿ-ರಾಮ್ ಎಂಬ ಪದಗಳಿದ್ದರೆ ಅದು ಡ್ರೈವೇ ಅಲ್ಲ, ಯಾರೋ ಡಬಲ್ ಕ್ಲಿಕ್ ಮಾಡಿ ತೆರೆದಿಟ್ಟ ಐಎಸ್‌ಒ ಫೈಲ್, ಎಂದರೆ ಇಡೀ ಡಿಸ್ಕಿನ ನಕಲನ್ನು ಹಿಡಿದಿಟ್ಟ ಫೈಲ್. ವಿಂಡೋಸ್ 8ರಿಂದ ಈಚೆಗೆ ಇಂಥ ಫೈಲುಗಳು ತಮ್ಮದೇ ಡ್ರೈವ್ ಅಕ್ಷರ ಪಡೆಯುವುದರಿಂದ, ಇವನ್ನು ಸೋಸದ ಪಟ್ಟಿಯಲ್ಲಿ ಇಲ್ಲದ ಡ್ರೈವುಗಳೂ ಎಣಿಕೆಗೆ ಬಂದುಬಿಡುತ್ತವೆ.

ಅನೇಕರು ಮೀಡಿಯಾಟೈಪ್‌ನಲ್ಲಿ ಡಿವಿಡಿ ರೈಟರ್ ಎಂದು ಕಂಡೊಡನೆ ಕೆಲಸ ಮುಗಿಸುತ್ತಾರೆ. ಆದರೆ ಎರಡು ಪದರದ 8.5 ಜಿಬಿ ಡಿಸ್ಕನ್ನು ಆ ಡ್ರೈವ್ ಬರೆಯಬಲ್ಲುದೇ, ಬ್ಲೂ-ರೇ ಓದಬಲ್ಲುದೇ ಎಂಬುದಕ್ಕೆ ಆ ಪದದಲ್ಲಿ ಉತ್ತರವಿಲ್ಲ. ಅದೇ ಕ್ಲಾಸಿನ ಕೇಪಬಿಲಿಟೀಸ್ ಎಂಬ ಸಂಖ್ಯೆಗಳ ಪಟ್ಟಿಯೂ ಇಲ್ಲಿ ಹೆಚ್ಚು ನೆರವಾಗದು. ಅದರಲ್ಲಿ 4 ಎಂದರೆ ಬರೆಯಬಲ್ಲದು, 7 ಎಂದರೆ ಡಿಸ್ಕ್ ತೆಗೆಯಬಹುದಾದದ್ದು ಎಂದಷ್ಟೇ ಅರ್ಥ.

ನಿಜವಾದ ಮಾಹಿತಿ ಸಿಗುವುದು ವಿಂಡೋಸ್ ವಿಸ್ತಾದೊಂದಿಗೆ ಬಂದ ಐಮ್ಯಾಪಿ2 ಎಂಬ ಡಿಸ್ಕ್ ಬರೆಯುವ ವ್ಯವಸ್ಥೆಯಿಂದ. ನ್ಯೂ-ಆಬ್ಜೆಕ್ಟ್ ಕಮಾಂಡಿಗೆ ಕಾಮ್‌ಆಬ್ಜೆಕ್ಟ್ ಆಯ್ಕೆ ಕೊಟ್ಟು ಐಮ್ಯಾಪಿ2.ಎಂಎಸ್‌ಎಫ್‌ಟಿಡಿಸ್ಕ್‌ಮಾಸ್ಟರ್2 ಎಂಬುದನ್ನು ರಚಿಸಿದರೆ, ಯಂತ್ರದಲ್ಲಿರುವ ಪ್ರತಿ ಆಪ್ಟಿಕಲ್ ಡ್ರೈವ್‌ನ ಗುರುತಿನ ಸಾಲು ಅದರಲ್ಲಿ ಸಿಗುತ್ತದೆ. ಫಾರ್‌ಈಚ್ ಲೂಪಿನೊಳಗೆ ಪ್ರತಿ ಸಾಲಿಗೂ ಒಂದೊಂದು ಎಂಎಸ್‌ಎಫ್‌ಟಿಡಿಸ್ಕ್‌ರೆಕಾರ್ಡರ್2 ಆಬ್ಜೆಕ್ಟ್ ರಚಿಸಿ, ಇನಿಶಿಯಲೈಸ್‌ಡಿಸ್ಕ್‌ರೆಕಾರ್ಡರ್ ಎಂಬ ವಿಧಾನಕ್ಕೆ ಆ ಸಾಲನ್ನು ಒಪ್ಪಿಸಿ, ಬಳಿಕ ಸಪೋರ್ಟೆಡ್‌ಪ್ರೊಫೈಲ್ಸ್ ಗುಣವನ್ನು ಓದಬೇಕು. ಆಗ ಪರದೆಯ ಮೇಲೆ 8, 9, 10, 16, 17 ಎಂಬಂಥ ಸಂಖ್ಯೆಗಳು ಸಾಲಾಗಿ ಬರುತ್ತವೆ.

8 ಇದ್ದರೆ ಸಿ.ಡಿ. ಓದುತ್ತದೆ, 9 ಸಿಡಿ-ಆರ್, 10 ಸಿಡಿ-ಆರ್‌ಡಬ್ಲ್ಯು. 16 ಎಂದರೆ ಡಿ.ವಿ.ಡಿ. ಓದುವುದು, 17 ಡಿವಿಡಿ-ಆರ್, 18 ಡಿವಿಡಿ-ರ್‍ಯಾಮ್ ಎಂಬ ಮರುಬರಹದ ಡಿಸ್ಕ್, 27 ಡಿವಿಡಿ ಪ್ಲಸ್ ಆರ್. ಎರಡು ಪದರದ ಡಿಸ್ಕ್ ಬರೆಯುವ ಶಕ್ತಿಯನ್ನು 21 ಮತ್ತು 43 ಹೇಳುತ್ತವೆ. 64 ಬ್ಲೂ-ರೇ ಓದುವುದಕ್ಕೆ, 65ರಿಂದ 67ರ ವರೆಗಿನವು ಬ್ಲೂ-ರೇ ಬರೆಯುವುದಕ್ಕೆ. ಈ ಸಂಖ್ಯೆಗಳಿಗೆ ಕನ್ನಡದ ವಿವರಣೆ ಜೋಡಿಸುವ ಒಂದು ಹ್ಯಾಶ್ ಟೇಬಲನ್ನು ಸ್ಕ್ರಿಪ್ಟ್‌ನ ಆರಂಭದಲ್ಲೇ ಇಟ್ಟರೆ ವರದಿಯನ್ನು ಯಾರು ಬೇಕಾದರೂ ಓದಬಹುದು. ಪಟ್ಟಿಯಲ್ಲಿ 9, 10, 16 ಇದ್ದು 17 ಆಗಲಿ 27 ಆಗಲಿ ಇಲ್ಲದಿದ್ದರೆ ಅದು ಹಿಂದೆ ಅಂಗಡಿಗಳಲ್ಲಿ ಕಾಂಬೊ ಎಂದು ಮಾರುತ್ತಿದ್ದ ಡ್ರೈವ್: ಡಿ.ವಿ.ಡಿ. ಓದುತ್ತದೆ, ಸಿ.ಡಿ. ಮಾತ್ರ ಬರೆಯುತ್ತದೆ. 64 ಇದ್ದು 65 ಇಲ್ಲದ ಡ್ರೈವಿಗೆ ಖಾಲಿ ಬ್ಲೂ-ರೇ ಡಿಸ್ಕ್ ತಂದರೆ ಹಣ ದಂಡ.

ಕರೆಂಟ್‌ಪ್ರೊಫೈಲ್ಸ್ ಎಂಬ ಹೋಲುವ ಹೆಸರಿನ ಇನ್ನೊಂದು ಗುಣವಿದೆ. ಅದು ಹೇಳುವುದು ಆ ಕ್ಷಣದಲ್ಲಿ ಒಳಗಿರುವ ಡಿಸ್ಕಿನ ವಿಷಯವನ್ನು, ಡ್ರೈವ್‌ನ ಒಟ್ಟು ಸಾಮರ್ಥ್ಯವನ್ನಲ್ಲ. ಸ್ಕ್ರಿಪ್ಟ್‌ನಲ್ಲಿ ಇವೆರಡನ್ನೂ ಪ್ರತ್ಯೇಕ ಅಂಕಣಗಳಲ್ಲಿ ಇಡುವುದು ಒಳಿತು. ಇಷ್ಟೆಲ್ಲ ಆದ ಮೇಲೂ ಈ ಸಂಖ್ಯೆಗಳು ಡ್ರೈವ್‌ನೊಳಗಿನ ತಂತ್ರಾಂಶವಾದ ಫರ್ಮ್‌ವೇರ್ ಹೇಳಿಕೊಳ್ಳುವ ಸಾಮರ್ಥ್ಯವಷ್ಟೇ. ನಮ್ಮ ಕಡೆಯ ಬೇಸಿಗೆಯ ಧೂಳು ಲೆನ್ಸಿನ ಮೇಲೆ ಕುಳಿತಿದ್ದರೆ ಅದು ಯಾವ ಪಟ್ಟಿಯಲ್ಲೂ ಕಾಣದು. ಒಂದು ಡಿಸ್ಕ್ ಹಾಕಿ ಓದಿಸಿ ನೋಡಲೇಬೇಕು.

ಲ್ಯಾಬಿನ ಹಲವು ಯಂತ್ರಗಳನ್ನು ಒಂದೆಡೆಯಿಂದ ವಿಚಾರಿಸುವುದಾದರೆ ಮೊದಲ ಹಂತದ ಕಮಾಂಡಿಗೆ ಕಂಪ್ಯೂಟರ್‌ನೇಮ್ ಆಯ್ಕೆ ಕೊಡಬಹುದು. ಅದಕ್ಕಾಗಿ ಆ ಯಂತ್ರಗಳಲ್ಲಿ ದೂರದಿಂದ ಬಂದ ಕಮಾಂಡುಗಳಿಗೆ ಉತ್ತರಿಸುವ ವಿನ್‌ಆರ್‌ಎಂ ಸೇವೆ ಚಾಲ್ತಿಯಲ್ಲಿರಬೇಕು. ಸ್ಕ್ರಿಪ್ಟ್ ಓಡಲು ವಿಂಡೋಸ್ ತಡೆಯೊಡ್ಡಿದರೆ ಸೆಟ್-ಎಕ್ಸಿಕ್ಯೂಷನ್‌ಪಾಲಿಸಿ ಕಮಾಂಡನ್ನು ಪ್ರೊಸೆಸ್ ವ್ಯಾಪ್ತಿಗೆ (ಆಗ ತೆರೆದಿರುವ ಪವರ್‌ಶೆಲ್ ಕಿಟಕಿಗೆ) ಮಾತ್ರ ಬಳಸಿ ಸಡಿಲಿಸಬೇಕು, ಇಡೀ ಯಂತ್ರಕ್ಕಲ್ಲ.

ಕನ್ನಡದಲ್ಲಿ ವರದಿ ಬೇಕೆನ್ನುವವರು ಸ್ಕ್ರಿಪ್ಟ್ ಫೈಲನ್ನು ನೋಟ್‌ಪ್ಯಾಡಿನಲ್ಲಿ ಯುಟಿಎಫ್-8 ವಿತ್ ಬಿಒಎಂ ಎಂಬ ಆಯ್ಕೆಯಲ್ಲೇ ಉಳಿಸಬೇಕು, ಏಕೆಂದರೆ ಪವರ್‌ಶೆಲ್ 5.1, ಫೈಲಿನ ಆರಂಭದಲ್ಲಿ ಬಿಒಎಂ ಎಂಬ ಆ ಗುರುತಿಲ್ಲದ ಫೈಲನ್ನು ಹಳೆಯ ಅಕ್ಷರಸಂಕೇತದಲ್ಲಿ ಓದಿ ಕನ್ನಡವನ್ನು ಕಲಸಿಬಿಡುತ್ತದೆ. ಹಾಗೆಯೇ ವರದಿಯನ್ನು ಕೋಷ್ಟಕದ ಫೈಲಾಗಿ ಉಳಿಸುವ ಎಕ್ಸ್‌ಪೋರ್ಟ್-ಸಿಎಸ್‌ವಿ ಕಮಾಂಡಿಗೆ ಎನ್‌ಕೋಡಿಂಗ್ ಯುಟಿಎಫ್8 ಎಂದು ಸೂಚಿಸದಿದ್ದರೆ, ಎಕ್ಸೆಲ್‌ನಲ್ಲಿ ತೆರೆದಾಗ ಕನ್ನಡ ಅಕ್ಷರಗಳ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳೇ ಕಾಣುತ್ತವೆ.