ಅಮೆರಿಕದಲ್ಲಿ ಬಂದೂಕು: ಯಾವ ರಾಜ್ಯದಲ್ಲಿ ಏನು ಕಾನೂನು ಎಂದು ತಿಳಿಯುವುದು ಹೇಗೆ?

'ಅಮೆರಿಕದಲ್ಲಿ ಯಾರು ಬೇಕಾದರೂ ಬಂದೂಕು ಇಟ್ಟುಕೊಳ್ಳಬಹುದಂತೆ' ಎಂದು ನಮ್ಮಲ್ಲಿ ಸುಮಾರು ಜನ ಹೇಳುತ್ತಾರೆ. ಇದು ಅರ್ಧ ನಿಜ. ಅಲ್ಲಿನ ಸಂವಿಧಾನದ ಎರಡನೇ ತಿದ್ದುಪಡಿಯಲ್ಲಿ ಆ ಹಕ್ಕು ಇದೆ, ಸರಿ. ಆದರೆ ಬಂದೂಕು ಜೇಬಲ್ಲಿಟ್ಟುಕೊಂಡು ಬೀದಿಗೆ ಇಳಿಯುವ ವಿಷಯ ಬಂದಾಗ ಒಂದೊಂದು ರಾಜ್ಯದ್ದೂ ಒಂದೊಂದು ದಾರಿ. ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆ ಬೀದರ್‌ಗೂ ಅದೇ, ಬಿಹಾರಕ್ಕೂ ಅದೇ. ಕೊಡವರಿಗೆ ಸಿಕ್ಕಿರುವ ವಿನಾಯಿತಿ ಕೂಡ ಕೇಂದ್ರ ಸರ್ಕಾರವೇ ಕೊಟ್ಟದ್ದು. ಅಲ್ಲಿ ಹಾಗಲ್ಲ. ಟೆಕ್ಸಾಸ್‌ನಲ್ಲಿ ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡಿದ ಪಿಸ್ತೂಲು ಕ್ಯಾಲಿಫೋರ್ನಿಯಾ ಗಡಿ ದಾಟಿದ ಕೂಡಲೇ ಕೇಸಿಗೆ ಸರಕು.

ಅಲ್ಲಿ ನೆಲೆಸಿರುವ ಕನ್ನಡಿಗರು, ಅಲ್ಲಿಗೆ ಹೋಗಿ ಬರುವ ಅಪ್ಪ ಅಮ್ಮಂದಿರು ಇದನ್ನು ಯಾವ ಕ್ರಮದಲ್ಲಿ ತಿಳಿದುಕೊಳ್ಳಬೇಕು? ರಾಜ್ಯದ ಕಾನೂನಿನಿಂದ ಶುರು ಮಾಡಬೇಡಿ. ಪಾಸ್‌ಪೋರ್ಟ್‌ನಿಂದ ಶುರು ಮಾಡಿ.

ಮೊದಲು ವೀಸಾ ನೋಡಿ

ರಾಜ್ಯ ಯಾವುದೇ ಇರಲಿ, ಅದರ ಮೇಲೆ ಫೆಡರಲ್ ಕಾನೂನು, ಅಂದರೆ ಇಡೀ ದೇಶಕ್ಕೆ ಅನ್ವಯಿಸುವ ಕೇಂದ್ರದ ಕಾನೂನು ಇದೆ. ಎಚ್-1ಬಿ (ಕೆಲಸದ್ದು), ಎಚ್-4 (ಅಂಥವರ ಕುಟುಂಬದ್ದು), ಎಫ್-1 (ಓದಿನದು), ಪ್ರವಾಸಿ ವೀಸಾ ಇವೆಲ್ಲ ವಲಸೆಯೇತರ, ಅಂದರೆ ಕಾಯಂ ನೆಲೆಸಲು ಅಲ್ಲದ ವೀಸಾಗಳು. ಇವುಗಳ ಮೇಲೆ ಹೋದವರು ಬಂದೂಕನ್ನಾಗಲಿ ಗುಂಡನ್ನಾಗಲಿ ಹೊಂದುವಂತಿಲ್ಲ. ಸಿಕ್ಕಿಬಿದ್ದರೆ 15 ವರ್ಷದವರೆಗೆ ಜೈಲು, ಗಡೀಪಾರು ಬೇರೆ. ಕೆಲವು ವಿನಾಯಿತಿಗಳಿವೆ. ಅದರಲ್ಲಿ ಸಾಮಾನ್ಯರಿಗೆ ಉಪಯೋಗಕ್ಕೆ ಬರುವುದು ಒಂದೇ: ಅಮೆರಿಕದ ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಲೈಸೆನ್ಸ್. ಗ್ರೀನ್ ಕಾರ್ಡ್ (ಕಾಯಂ ವಾಸದ ಅನುಮತಿ) ಇದ್ದವರಿಗೆ ಈ ನಿಷೇಧ ಇಲ್ಲ.

ಎಡವಟ್ಟಾಗುವುದು ಎಲ್ಲಿ ಗೊತ್ತಾ? ಮಗ ಅಲ್ಲಿನ ಸಿಟಿಜನ್, ಡಲ್ಲಾಸ್‌ನಲ್ಲಿ ಮನೆ. ಹಾಸನದಿಂದ ಅಪ್ಪ ಪ್ರವಾಸಿ ವೀಸಾದಲ್ಲಿ ಬಂದಿದ್ದಾರೆ. ಬೇಜಾರು ಕಳೆಯಲಿ ಎಂದು ಭಾನುವಾರ ಶೂಟಿಂಗ್ ರೇಂಜ್‌ಗೆ ಕರೆದುಕೊಂಡು ಹೋಗುತ್ತಾನೆ. ಅಪ್ಪನ ಕೈಗೆ ಪಿಸ್ತೂಲು ಕೊಟ್ಟು ನಾಲ್ಕು ಗುಂಡು ಹಾರಿಸಿ, ಫೋಟೊ ತೆಗೆದು ಫ್ಯಾಮಿಲಿ ಗ್ರೂಪಿಗೆ ಹಾಕುತ್ತಾನೆ. ಬೇಟೆ ಲೈಸೆನ್ಸ್ ಇಲ್ಲದಿದ್ದರೆ ಅಪ್ಪ ಮಾಡಿದ್ದು ಫೆಡರಲ್ ಅಪರಾಧ. ಗೊತ್ತಿದ್ದೂ ಕೊಟ್ಟ ಮಗನದ್ದೂ ಅಪರಾಧವೇ. ಬಾಡಿಗೆ ಬಂದೂಕು, ಹತ್ತೇ ನಿಮಿಷ ಎಂಬ ಸಮಜಾಯಿಷಿ ನಡೆಯುವುದಿಲ್ಲ. ಮನೆಯಲ್ಲಿರುವ ಬಂದೂಕಿನ ಪೆಟ್ಟಿಗೆಯ ಕೀಲಿ ಅಥವಾ ನಂಬರನ್ನೂ ಇಂಥವರ ಕೈಗೆ ಕೊಡಬಾರದು. ಬೇಕೆಂದಾಗ ಕೈಗೆ ಸಿಗುವ ಹಾಗಿದ್ದರೆ ಅದನ್ನೂ ಹೊಂದಿದಂತೆಯೇ ಎಂದು ಲೆಕ್ಕ ಹಾಕಬಹುದು.

ಗಾಂಜಾ ವಿಷಯವೂ ಇಲ್ಲೇ ಬರುತ್ತದೆ. ಎಷ್ಟೋ ರಾಜ್ಯಗಳಲ್ಲಿ ಅದು ಕಾನೂನುಬದ್ಧ. ಆದರೆ ಅಂಗಡಿಯಲ್ಲಿ ಬಂದೂಕು ಕೊಳ್ಳುವಾಗ ತುಂಬಬೇಕಾದ 4473 ನಂಬರಿನ ಫೆಡರಲ್ ಫಾರಂನಲ್ಲಿ ಅದನ್ನು ಬಳಸುತ್ತೀರಾ ಎಂಬ ಪ್ರಶ್ನೆಯೂ ಇದೆ. ರಾಜ್ಯ ಒಪ್ಪಿದ್ದರೂ ಫೆಡರಲ್ ಕಾನೂನು ಒಪ್ಪಿಲ್ಲ ಎಂಬ ಎಚ್ಚರಿಕೆಯನ್ನು ಅಲ್ಲೇ ಅಚ್ಚು ಹಾಕಿರುತ್ತಾರೆ.

ನಿಮ್ಮ ರಾಜ್ಯ ಯಾವ ಗುಂಪಿನದು?

ಅರ್ಧಕ್ಕಿಂತ ಜಾಸ್ತಿ ರಾಜ್ಯಗಳಲ್ಲಿ ಈಗ ಪಿಸ್ತೂಲನ್ನು ಬಚ್ಚಿಟ್ಟು ಒಯ್ಯಲು ಪರ್ಮಿಟ್ಟೇ ಬೇಡ. ವರ್ಮಾಂಟ್ ಮೊದಲಿನಿಂದಲೂ ಕೇಳಿದ್ದೇ ಇಲ್ಲ. ಅರಿಜೋನಾ 2010ರಲ್ಲಿ, ಟೆಕ್ಸಾಸ್ 2021ರ ಸೆಪ್ಟೆಂಬರ್ 1ರಿಂದ ಈ ಸಾಲಿಗೆ ಸೇರಿದವು. ಉಳಿದ ಕಡೆ ಪರ್ಮಿಟ್ ಬೇಕು. ಮೊದಲೆಲ್ಲ ನ್ಯೂಯಾರ್ಕ್‌ನಂಥ ಕೆಲವು ರಾಜ್ಯಗಳು 'ನಿಮಗೆ ಅಂಥ ವಿಶೇಷ ಅಗತ್ಯ ಏನಿದೆ, ತೋರಿಸಿ' ಎನ್ನುತ್ತಿದ್ದವು. ಅಧಿಕಾರಿಗೆ ಒಪ್ಪಿಗೆಯಾದರೆ ಮಾತ್ರ ಪರ್ಮಿಟ್. 2022ರ ಜೂನ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಬ್ರೂಯೆನ್ ಎಂಬ ಕೇಸಿನ ತೀರ್ಪಿನಲ್ಲಿ ಈ ಪದ್ಧತಿಯನ್ನು ತಳ್ಳಿಹಾಕಿತು. ನಿಗದಿತ ಅರ್ಹತೆ ಇದ್ದವರಿಗೆ ಕೊಡಲೇಬೇಕು ಎಂದಾಯಿತು. ಆ ರಾಜ್ಯಗಳೇನು ಸುಮ್ನೆ ಕೂರಲಿಲ್ಲ. ನ್ಯೂಯಾರ್ಕ್ 16 ಗಂಟೆ ಪಾಠ, 2 ಗಂಟೆ ಗುಂಡು ಹಾರಿಸುವ ತರಬೇತಿ ಕಡ್ಡಾಯ ಮಾಡಿತು. ಬಂದೂಕು ತರಬಾರದ ಜಾಗಗಳ ಪಟ್ಟಿಯನ್ನೂ ಉದ್ದ ಮಾಡಿತು.

ಪರ್ಮಿಟ್ ಹೇಗೆ?

ಟೆಕ್ಸಾಸ್ ಉದಾಹರಣೆ ನೋಡೋಣ. ಅಲ್ಲಿ ಪರ್ಮಿಟ್ ಕಡ್ಡಾಯವಲ್ಲ, ಆದರೂ ಮಾಡಿಸಬಹುದು; ಇದಕ್ಕೆ ಎಲ್‌ಟಿಸಿ (ಲೈಸೆನ್ಸ್ ಟು ಕ್ಯಾರಿ) ಎನ್ನುತ್ತಾರೆ. ರಾಜ್ಯದ ಸಾರ್ವಜನಿಕ ಸುರಕ್ಷಾ ಇಲಾಖೆಯ ವೆಬ್‌ಸೈಟ್‌ನಲ್ಲಿ ಅರ್ಜಿ, 40 ಡಾಲರ್ ಶುಲ್ಕ, ಬೆರಳಚ್ಚು, ನಾಲ್ಕರಿಂದ ಆರು ಗಂಟೆ ಪಾಠ, ಒಂದು ಲಿಖಿತ ಪರೀಕ್ಷೆ. ಆಮೇಲೆ ಗುರಿ ಪರೀಕ್ಷೆ. ಒಟ್ಟು 50 ಗುಂಡು: ಮೂರು ಗಜದಿಂದ 20, ಏಳು ಗಜದಿಂದ 20, ಹದಿನೈದು ಗಜದಿಂದ 10. ಒಟ್ಟು ಅಂಕ 250, ಪಾಸಾಗಲು 175. ಮೂರು ಗಜ ಅಂದರೆ ಹಜಾರದ ಈ ಗೋಡೆಯಿಂದ ಆ ಗೋಡೆಗೆ, ಅಷ್ಟೇ. ನನ್ನ ಪ್ರಕಾರ ಇದು ಗುರಿಕಾರರನ್ನು ಆರಿಸುವ ಪರೀಕ್ಷೆಯೇ ಅಲ್ಲ. ಕೈ ತೀರಾ ಹತೋಟಿ ತಪ್ಪುವವರನ್ನು ಸೋಸುವುದಕ್ಕೆ ಸಾಕು.

ಕ್ಯಾಲಿಫೋರ್ನಿಯಾದಲ್ಲಿ ಕಥೆ ಬೇರೆ. ನಿಮ್ಮ ಕೌಂಟಿಯ (ನಮ್ಮ ಜಿಲ್ಲೆಯಂಥದ್ದು) ಶೆರಿಫ್, ಅಂದರೆ ಅಲ್ಲಿನ ಪೊಲೀಸ್ ಅಧಿಕಾರಿ, ಅಥವಾ ಊರಿನ ಪೊಲೀಸ್ ಮುಖ್ಯಸ್ಥರಿಗೆ ಅರ್ಜಿ ಹಾಕಬೇಕು. 2024ರಿಂದ ಜಾರಿಯಾದ ಕಾನೂನಿನಂತೆ 21 ವರ್ಷ ತುಂಬಿರಬೇಕು, 16 ಗಂಟೆ ತರಬೇತಿ ಆಗಿರಬೇಕು. ಸಂದರ್ಶನ ಇದೆ. ನಿಮ್ಮ ನಡತೆ ಬಗ್ಗೆ ಹೇಳಲು ಮೂವರು ಬೇಕು.

ಪರ್ಮಿಟ್ ಬೇಡ ಎನ್ನುವ ಟೆಕ್ಸಾಸ್‌ನಲ್ಲೂ ಜನ ಎಲ್‌ಟಿಸಿ ಮಾಡಿಸುತ್ತಾರಲ್ಲ, ಯಾಕೆ? ಕಾರಣ ಇದೆ. ಶಾಲೆಯ ಆವರಣದಿಂದ 1,000 ಅಡಿ ಒಳಗೆ ಬಂದೂಕು ಒಯ್ಯುವುದಕ್ಕೆ ಫೆಡರಲ್ ನಿಷೇಧ ಇದೆ. ಆ ರಾಜ್ಯದ್ದೇ ಲೈಸೆನ್ಸ್ ಇದ್ದರೆ ವಿನಾಯಿತಿ. ಊರೊಳಗೆ ಕಾರು ಓಡಿಸುವವರು ಒಂದಲ್ಲ ಒಂದು ಶಾಲೆಯ ಪಕ್ಕ ಹಾದೇ ಹೋಗುತ್ತಾರೆ, ಅಲ್ವಾ? ಸರ್ಕಾರಿ ವಿಶ್ವವಿದ್ಯಾಲಯಗಳ ಕ್ಯಾಂಪಸ್ ಒಳಗೂ ಎಲ್‌ಟಿಸಿ ಇದ್ದವರಿಗೆ ಮಾತ್ರ ಅವಕಾಶ. ಅದು 2016ರ ಆಗಸ್ಟ್ 1ರಂದು ಜಾರಿಗೆ ಬಂತು. ಆಸ್ಟಿನ್‌ನ ಟೆಕ್ಸಾಸ್ ವಿಶ್ವವಿದ್ಯಾಲಯದ ಗೋಪುರದಿಂದ ಒಬ್ಬ ಗುಂಡಿನ ಮಳೆಗರೆದ ದಿನಕ್ಕೆ ಅವತ್ತಿಗೆ ಸರಿಯಾಗಿ 50 ವರ್ಷ. ಮಗಳನ್ನು ಎಂಎಸ್ ಓದಲು ಟೆಕ್ಸಾಸ್‌ಗೆ ಕಳಿಸುವವರು ಇದನ್ನು ತಿಳಿದಿರಲಿ. ಪಕ್ಕದ ಬೆಂಚಿನವರ ಬ್ಯಾಗಿನಲ್ಲಿ ಪಿಸ್ತೂಲು ಇರುವುದು ಅಲ್ಲಿ ಕಾನೂನುಬದ್ಧವೇ ಆಗಿರಬಹುದು.

ಬಾಗಿಲ ಮೇಲಿನ ಬೋರ್ಡ್ ಓದಿ

ಫೆಡರಲ್ ಕಚೇರಿ, ಕೋರ್ಟ್, ವಿಮಾನ ನಿಲ್ದಾಣದ ತಪಾಸಣೆ ದಾಟಿದ ಜಾಗ, ಇವು ಎಲ್ಲೆಡೆ ನಿಷಿದ್ಧ. ಖಾಸಗಿ ಜಾಗದವರೂ ಬೇಡ ಎನ್ನಬಹುದು. ಟೆಕ್ಸಾಸ್‌ನಲ್ಲಿ ಅದಕ್ಕೆ 30.06 ಎಂಬ ನಂಬರಿನ ಬೋರ್ಡ್ ಇದೆ. ಇಂಗ್ಲಿಷ್, ಸ್ಪ್ಯಾನಿಷ್ ಎರಡರಲ್ಲೂ ಇರಬೇಕು. ಅಕ್ಷರ ಕನಿಷ್ಠ ಒಂದು ಇಂಚು ಎತ್ತರ, ಹಿನ್ನೆಲೆಗೆ ಎದ್ದು ಕಾಣುವ ಬಣ್ಣ. ಬಾರ್‌ಗಳಲ್ಲಿ ಕೆಂಪು ಬಣ್ಣದ ದೊಡ್ಡ '51%' ಕಾಣುತ್ತದೆ. ವ್ಯಾಪಾರದ ಅರ್ಧಕ್ಕಿಂತ ಜಾಸ್ತಿ ದುಡ್ಡು ಮದ್ಯದಿಂದಲೇ ಬರುತ್ತದೆ ಎಂದು ಅದರರ್ಥ. ಅಲ್ಲಿಗೆ ಪಿಸ್ತೂಲು ಒಯ್ದರೆ ಅಪರಾಧ. ಬೇರೆ ರಾಜ್ಯಗಳಲ್ಲಿ ಬೋರ್ಡಿನ ರೂಪವೂ ಬೇರೆ, ಅದಕ್ಕಿರುವ ಬೆಲೆಯೂ ಬೇರೆ.

ಗಡಿ ದಾಟುವ ಮುನ್ನ

ಡ್ರೈವಿಂಗ್ ಲೈಸೆನ್ಸ್ ಥರ ಬಂದೂಕಿನ ಪರ್ಮಿಟ್ ದೇಶವೆಲ್ಲ ನಡೆಯುವುದಿಲ್ಲ. ಯಾವ ರಾಜ್ಯ ಯಾವುದರ ಪರ್ಮಿಟ್ ಒಪ್ಪುತ್ತದೆ ಎಂಬುದು ಅವರವರ ಒಪ್ಪಂದ. ಡಲ್ಲಾಸ್‌ನಿಂದ ಲಾಸ್ ಏಂಜಲೀಸ್‌ಗೆ ಕಾರಲ್ಲಿ ಹೊರಟಿದ್ದೀರಿ ಎನ್ನಿ. ನ್ಯೂ ಮೆಕ್ಸಿಕೊ ಟೆಕ್ಸಾಸ್ ಲೈಸೆನ್ಸನ್ನು ಮಾನ್ಯ ಮಾಡುತ್ತದೆ. ಅರಿಜೋನಾ ಕೇಳುವುದೇ ಇಲ್ಲ. ಕೊಲರಾಡೊ ನದಿಯ ಸೇತುವೆ ದಾಟಿ ಬ್ಲೈತ್ ಊರಿಗೆ ಬಂದಿರೋ, ಕ್ಯಾಲಿಫೋರ್ನಿಯಾ. ಅದು ಯಾವ ಹೊರ ರಾಜ್ಯದ ಪರ್ಮಿಟ್ಟನ್ನೂ ಒಪ್ಪುವುದಿಲ್ಲ. ಸೇತುವೆಗೆ ಮೊದಲೇ ನಿಲ್ಲಿಸಿ ಗುಂಡು ತೆಗೆಯಿರಿ, ಪಿಸ್ತೂಲನ್ನು ಬೀಗ ಹಾಕಿದ ಪೆಟ್ಟಿಗೆಯಲ್ಲಿಡಿ. 10ಕ್ಕಿಂತ ಜಾಸ್ತಿ ಗುಂಡು ಹಿಡಿಯುವ ಮ್ಯಾಗಜೀನ್ ಇದ್ದರೆ ಮನೆಯಲ್ಲೇ ಬಿಟ್ಟು ಬನ್ನಿ. ಅದನ್ನು ಆ ರಾಜ್ಯದೊಳಗೆ ತರುವುದೇ ಅಪರಾಧ.

ಸುಮ್ನೆ ಹಾದುಹೋಗುವವರಿಗೆ 1986ರ ಒಂದು ಫೆಡರಲ್ ಕಾನೂನು ರಕ್ಷಣೆ ಕೊಡುತ್ತದೆ. ಹೊರಟ ಜಾಗ, ತಲುಪುವ ಜಾಗ ಎರಡರಲ್ಲೂ ಬಂದೂಕು ಕಾನೂನುಬದ್ಧ ಆಗಿರಬೇಕು. ಗುಂಡು ತುಂಬಿರಬಾರದು, ಕೈಗೆ ಸಿಗುವಂತಿರಬಾರದು. ಆದರೆ ಈ ಕೊಡೆಯಲ್ಲಿ ತೂತುಗಳಿವೆ. 2005ರಲ್ಲಿ ಯೂಟಾದ ಪ್ರಯಾಣಿಕರೊಬ್ಬರು ನ್ಯೂಜೆರ್ಸಿಯ ನ್ಯೂಆರ್ಕ್‌ನಲ್ಲಿ ಮುಂದಿನ ವಿಮಾನ ತಪ್ಪಿಸಿಕೊಂಡರು. ಬ್ಯಾಗ್ ತೆಗೆದುಕೊಂಡು ಹೋಟೆಲ್‌ನಲ್ಲಿ ರಾತ್ರಿ ಕಳೆದರು. ಬೆಳಿಗ್ಗೆ ಚೆಕ್-ಇನ್ ಮಾಡುವಾಗ, ನಿಯಮದಂತೆ, ಬ್ಯಾಗಲ್ಲಿ ಬಂದೂಕು ಇದೆ ಎಂದು ತಾವೇ ಹೇಳಿದರು. ಅಲ್ಲೇ ಬಂಧನ. ಆಮೇಲೆ ಕೇಸು ಕೈಬಿಟ್ಟರು. ಆದರೆ ಬಂಧನ ತಪ್ಪು ಎಂದು ಅವರು ಹೂಡಿದ ದಾವೆಯನ್ನು 2010ರಲ್ಲಿ ಮೇಲ್ಮನವಿ ಕೋರ್ಟ್ ಒಪ್ಪಲಿಲ್ಲ. ಹೋಟೆಲ್‌ನಲ್ಲಿ ಬಂದೂಕು ಕೈಗೆ ಸಿಗುವಂತಿತ್ತಲ್ಲ ಎಂದಿತು.

ಹಳೆ ಲೇಖನ ನಂಬಿ ಹೊರಡಬೇಡಿ, ಇದನ್ನೂ ಸೇರಿಸಿ. ಆಯಾ ರಾಜ್ಯದ ಅಟಾರ್ನಿ ಜನರಲ್ ಅಥವಾ ಪೊಲೀಸ್ ಇಲಾಖೆಯ ವೆಬ್‌ಸೈಟ್ ನೋಡಿ. ಟೆಕ್ಸಾಸ್‌ನಲ್ಲಿ ಹೊಸ ಕಾನೂನುಗಳು ಹೆಚ್ಚಾಗಿ ಸೆಪ್ಟೆಂಬರ್ 1ಕ್ಕೆ, ಕ್ಯಾಲಿಫೋರ್ನಿಯಾದಲ್ಲಿ ಜನವರಿ 1ಕ್ಕೆ ಜಾರಿಗೆ ಬರುತ್ತವೆ. ಆ ಹೊತ್ತಿನಲ್ಲಿ ಮತ್ತೊಮ್ಮೆ ನೋಡಿ.

ಪೊಲೀಸರು ಕಾರು ನಿಲ್ಲಿಸಿದರೆ

ಇಲ್ಲೂ ರಾಜ್ಯಕ್ಕೊಂದು ನಿಯಮ. ಮಿಶಿಗನ್, ನಾರ್ತ್ ಕ್ಯಾರೊಲಿನಾದಲ್ಲಿ ಬಂದೂಕು ಇದೆ ಎಂದು ನೀವಾಗಿಯೇ ಮೊದಲು ಹೇಳಬೇಕು. ಟೆಕ್ಸಾಸ್‌ನಲ್ಲಿ ಗುರುತಿನ ಚೀಟಿ ಕೇಳಿದಾಗ ಎಲ್‌ಟಿಸಿಯನ್ನೂ ಜೊತೆಗೆ ತೋರಿಸಬೇಕು. ಎರಡೂ ಕೈ ಸ್ಟೀರಿಂಗ್ ಮೇಲಿರಲಿ. ಲೈಸೆನ್ಸ್ ಇರುವ ಡ್ಯಾಶ್‌ಬೋರ್ಡ್ ಖಾನೆಯಲ್ಲೇ ಪಿಸ್ತೂಲನ್ನೂ ಇಡಬೇಡಿ. ಎಲ್ಲಿದೆ ಎಂದು ಕೇಳಿದರೆ ಬೆರಳು ತೋರಿಸಲು ಹೋಗಬೇಡಿ. ಬಾಯಲ್ಲಿ ಹೇಳಿ, ಮುಂದೇನು ಮಾಡಬೇಕೆಂದು ಅವರು ಹೇಳುವವರೆಗೆ ಹಾಗೇ ಕೂತಿರಿ.