ಬೆಕ್ಕು, ನಾಯಿಗೆ ಸಂತಾನಹರಣ ಆಪರೇಷನ್: ಅಡಿಕೆ ಕೊಯ್ಲಿಗೆ ಮೊದಲೇ ಮುಗಿಸಿ

ನಮ್ಮ ಮನೆ ಬೆಕ್ಕು ಮೊದಲ ಸಲ ಮರಿ ಹಾಕಿದ್ದು ಅಟ್ಟದ ಮೇಲೆ, ಅಡಿಕೆ ಚೀಲಗಳ ಸಂದಿಯಲ್ಲಿ. 4 ಮರಿ. ಎಲ್ಲರಿಗೂ ಖುಷಿ. ಮರಿಗಳನ್ನು ಕಚ್ಚಿಕೊಂಡು ಏಳು ಮನೆ ಸುತ್ತಿ ಮುಗಿಸುವಷ್ಟರಲ್ಲಿ ಮತ್ತೆ ಹೊಟ್ಟೆ ದಪ್ಪ! ವರ್ಷ ತುಂಬುವುದರೊಳಗೆ 11 ಮರಿ ಆದವು. ಮೂರಕ್ಕೆ ಮನೆ ಸಿಕ್ಕಿತು. ಉಳಿದವುಗಳ ಕಥೆ ಬೇಡ. ಮರಿಗಳನ್ನು ಚೀಲದಲ್ಲಿ ತುಂಬಿ ಮೀನು ಪೇಟೆ ಹತ್ತಿರ ಬಿಟ್ಟು ಬರುವುದು ನಮ್ಮ ಕಡೆ ಹೊಸದೇನಲ್ಲ, ಅಲ್ವಾ?

ಎತ್ತಿಗೆ ಬೀಜ ಒಡೆಸುವಾಗ ಯಾರೂ ‘ಪಾಪ’ ಅಂದವರಿಲ್ಲ. ನಾಯಿ, ಬೆಕ್ಕಿಗೆ ಮರಿ ಆಗದಂತೆ ಆಪರೇಷನ್ ಮಾಡಿಸುವ ವಿಷಯ ಬಂದರೆ ಮಾತ್ರ ‘ಒಂದು ಸಲ ಮರಿ ಹಾಕಲಿ, ಆಮೇಲೆ ನೋಡೋಣ’ ಎನ್ನುತ್ತೇವೆ. ಆ ಒಂದು ಸಲದಿಂದ ತಾಯಿಯ ಆರೋಗ್ಯಕ್ಕೆ ಲಾಭವೇನೂ ಇಲ್ಲ. ಮೊದಲ ಬೆದೆಗೆ ಮುಂಚೆಯೇ ಆಪರೇಷನ್ ಆದ ಹೆಣ್ಣುನಾಯಿಗೆ ಮೊಲೆಯ ಗಡ್ಡೆ ಬರುವುದು ತೀರಾ ಅಪರೂಪ. ಒಂದೆರಡು ಬೆದೆ ಕಳೆದ ಮೇಲೆ ಮಾಡಿಸಿದರೆ ಆ ಲಾಭ ಕಡಿಮೆಯಾಗುತ್ತ ಹೋಗುತ್ತದೆ.

ಮೊದಲು ವಯಸ್ಸು, ಆಮೇಲೆ ತಿಂಗಳು

ಹೆಣ್ಣು ಬೆಕ್ಕು 4 ತಿಂಗಳಿಗೇ ಬೆದೆಗೆ ಬರಬಹುದು. ಗಬ್ಬ ನಿಂತರೆ 9 ವಾರದಲ್ಲಿ ಮರಿ. ಮರಿಗಳಿಗೆ ಹಾಲು ಕೊಡುವಾಗಲೇ ಮತ್ತೆ ಗಬ್ಬ ನಿಲ್ಲುವುದೂ ಉಂಟು. ಹಾಗಾಗಿ ಬೆಕ್ಕಿಗೆ 4ರಿಂದ 5 ತಿಂಗಳೊಳಗೆ ಮಾಡಿಸುವುದು ಒಳ್ಳೆಯದು. ಊರ ನಾಯಿಗೆ, ಸಣ್ಣ ಜಾತಿಯ ನಾಯಿಗೆ 6 ತಿಂಗಳ ಸುಮಾರಿಗೆ. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್‌ನಂಥ ದೊಡ್ಡ ನಾಯಿಗಳ ಮೂಳೆ ಬಲಿಯಬೇಕು. ಅವಕ್ಕೆ ವರ್ಷ ದಾಟಲಿ ಎಂದು ಡಾಕ್ಟರು ಹೇಳಬಹುದು. ಅವರ ಮಾತು ಕೇಳಿ. ನಾಯಿ ಈಗಾಗಲೇ ಬೆದೆಯಲ್ಲಿದ್ದರೆ ಆಪರೇಷನ್ ಮಾಡುವಾಗ ರಕ್ತ ಜಾಸ್ತಿ ಹೋಗುತ್ತದೆ, ಬೆದೆ ಮುಗಿದು ಎರಡು ಮೂರು ತಿಂಗಳು ತಡೆದು ಹೋಗಿ.

ಇನ್ನು ತಿಂಗಳು. ಕಾರವಾರವಿರಲಿ, ಶಿರಸಿಯಿರಲಿ, ಜೂನ್‌ನಿಂದ ಆಗಸ್ಟ್‌ವರೆಗೆ ಒಗೆದ ಬಟ್ಟೆಯೇ ಒಣಗುವುದಿಲ್ಲ, ಗಾಯ ಎಲ್ಲಿಂದ ಒಣಗಬೇಕು? ನೊಣ ಕೂತು ಹುಳ ಬೀಳುವುದೂ ಆಗಲೇ. ನನ್ನ ಕೇಳಿದರೆ ಚೌತಿ ಕಳೆದ ಮೇಲೆ, ಅಡಿಕೆ ಕೊನೆ ಕೊಯ್ಲು ಶುರುವಾಗುವ ಮೊದಲು ಮಾಡಿಸಬೇಕು. ಕೊಯ್ಲು ಶುರುವಾದರೆ ಮನೆಯಲ್ಲಿ ನಾಯಿ ನೋಡಿಕೊಳ್ಳಲು ಯಾರಿಗೆ ಪುರಸೊತ್ತಿರುತ್ತದೆ? ಆದರೆ ಹೆಣ್ಣು ಬೆಕ್ಕು ಮಳೆಗಾಲದಲ್ಲೇ 5 ತಿಂಗಳು ದಾಟಿದರೆ ಕಾಯಬೇಡಿ. ಒಣಗಿದ ಕೋಣೆ ಒಂದಿದ್ದರೆ ಸಾಕು.

ಆಸ್ಪತ್ರೆಗೆ ಒಮ್ಮೆ ಸುಮ್ನೆ ಹೋಗಿ ಬನ್ನಿ

ತಾಲ್ಲೂಕಿನ ಪಶು ಆಸ್ಪತ್ರೆಯಲ್ಲೋ ಖಾಸಗಿ ಡಾಕ್ಟರ ಹತ್ತಿರವೋ ಮೊದಲೇ ತೋರಿಸಿ, ದಿನ ಗೊತ್ತು ಮಾಡಿಕೊಳ್ಳಿ. ಲಸಿಕೆ, ಜಂತುಹುಳದ ಔಷಧ ಬಾಕಿ ಇದ್ದರೆ ಮುಗಿಸಿ. ಮುಖ್ಯವಾದದ್ದು ಉಣುಗು. ಬೆಟ್ಟ, ತೋಟ ತಿರುಗುವ ನಾಯಿಗೆ ಉಣುಗು ಕಚ್ಚಿ ಜ್ವರ ಬಂದಿದ್ದರೆ ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಇಳಿದಿರಬಹುದು. ಅಂಥ ನಾಯಿಗೆ ಕತ್ತರಿ ಹಾಕಿದರೆ ರಕ್ತ ನಿಲ್ಲುವುದಿಲ್ಲ. ರಕ್ತ ಪರೀಕ್ಷೆಯ ದುಡ್ಡು ಉಳಿಸಲು ಹೋಗಬೇಡಿ.

‘ಆಪರೇಷನ್ ಯಾಕೆ, ಬೆದೆ ತಡೆಯುವ ಇಂಜೆಕ್ಷನ್ ಕೊಡಿಸಿದರಾಯ್ತು’ ಎನ್ನುವವರಿದ್ದಾರೆ. ಅದರಿಂದ ಗರ್ಭಕೋಶದಲ್ಲಿ ಕೀವು ತುಂಬುವ ಅಪಾಯ ಹೆಚ್ಚುತ್ತದೆ. ಆಪರೇಷನ್ ಆಗದ ವಯಸ್ಸಾದ ಹೆಣ್ಣುನಾಯಿಗಳಿಗೆ ಈ ಕಾಯಿಲೆ ಹಾಗೆಯೂ ಬರುತ್ತದೆ. ಬೆದೆ ಮುಗಿದು ಕೆಲವು ವಾರಕ್ಕೆ ನಾಯಿ ಊಟ ಬಿಡುತ್ತದೆ, ನೀರು ಮಾತ್ರ ವಿಪರೀತ ಕುಡಿಯುತ್ತದೆ. ತಡ ಮಾಡಿದರೆ ಉಳಿಯುವುದಿಲ್ಲ. ಗರ್ಭಕೋಶ, ಅಂಡಾಶಯ ತೆಗೆಸಿದವಕ್ಕೆ ಈ ಚಿಂತೆ ಇಲ್ಲ.

ಗಂಡಿಗೆ ಬೀಜ ತೆಗೆಯುತ್ತಾರೆ. ಚಿಕ್ಕ ಕೆಲಸ. ಗಂಡು ಬೆಕ್ಕು ಗೋಡೆ ಮೂಲೆಗೆಲ್ಲ ಗಬ್ಬು ಮೂತ್ರ ಹಾರಿಸುವುದು, ರಾತ್ರಿಯೆಲ್ಲ ಜಗಳಾಡಿ ಕಿವಿ ಹರಿದುಕೊಂಡು ಬರುವುದು ಬಹಳ ಮಟ್ಟಿಗೆ ನಿಲ್ಲುತ್ತದೆ. ಕಾರ್ತಿಕ ಮಾಸದಲ್ಲಿ ಹೆಣ್ಣಿನ ಹಿಂದೆ ಓಡಿ ಹೆದ್ದಾರಿ 66ರಲ್ಲಿ ಸಾಯುವ ನಾಯಿಗಳನ್ನು ಅಂಕೋಲಾದಿಂದ ಭಟ್ಕಳದವರೆಗೆ ಕಾಣುತ್ತೇವಲ್ಲ, ಆ ಓಡಾಟವೂ ಕಡಿಮೆ. ನಾಯಿಗಳು ಕೂಡುವಾಗ ಅಂಟುವ ಒಂದು ಗಡ್ಡೆ ಇದೆ. ಗುಪ್ತಾಂಗದಲ್ಲಿ ಹೂಕೋಸಿನ ಹಾಗೆ ಬೆಳೆದು ರಕ್ತ ಸೋರುತ್ತದೆ. ಕೂಡುವುದು ನಿಂತರೆ ಅದರ ಭಯವೂ ಬಹುಪಾಲು ಹೋಯಿತು. ಮನೆ ಕಾಯುವುದಿಲ್ಲ ಎನ್ನುವುದು ಸುಳ್ಳು. ಅಪರಿಚಿತರಿಗೆ ಬೊಗಳಲು ಬೀಜ ಬೇಕಿಲ್ಲ.

ಹಿಂದಿನ ರಾತ್ರಿ

ಬೆಳೆದ ನಾಯಿಗೆ ರಾತ್ರಿ ಊಟದ ನಂತರ ತಿನ್ನಲು ಏನೂ ಕೊಡಬೇಡಿ. ಹೊಟ್ಟೆ ತುಂಬಿದ್ದರೆ ಅರಿವಳಿಕೆಯಲ್ಲಿ ವಾಂತಿಯಾಗಿ ಶ್ವಾಸಕೋಶಕ್ಕೆ ಹೋಗಬಹುದು. ಸಣ್ಣ ಮರಿಗಳನ್ನು ಅಷ್ಟು ಹೊತ್ತು ಉಪವಾಸ ಕೆಡವಬಾರದು. ಎಷ್ಟು ಗಂಟೆ ಎಂದು ಕೇಳಿಕೊಳ್ಳಿ. ಬೆಕ್ಕನ್ನು ರಾತ್ರಿಯೇ ಕೋಣೆಯಲ್ಲಿ ಕೂಡಿ ಹಾಕಿ. ಇಲ್ಲದಿದ್ದರೆ ಬೆಳಿಗ್ಗೆ ಅದು ಮಾಡಿನ ಮೇಲೆ, ನೀವು ಏಣಿಯ ಮೇಲೆ! ಒಯ್ಯಲು ಮುಚ್ಚಳ ಕಟ್ಟಿದ ಬುಟ್ಟಿ ಸಾಕು.

10 ದಿನ ನಿಮ್ಮದು

ಡಾಕ್ಟರ ಕೆಲಸ ಅರ್ಧ ದಿನದ್ದು. ಉಳಿದದ್ದೆಲ್ಲ ಮನೆಯವರದು. ಮೊದಲ ರಾತ್ರಿ ತೂರಾಡುತ್ತದೆ, ಎತ್ತರದಲ್ಲಿ ಮಲಗಿಸಬೇಡಿ. ಮೈ ತಣ್ಣಗಾಗಿರುತ್ತದೆ, ಒಣ ಕಂಬಳಿ ಹಾಸಿ.

ಬೆಕ್ಕಿನ ಮೇಲೆ ಮಾತ್ರ ಒಂದು ಕಣ್ಣಿರಲಿ. ನಮ್ಮದು ಎಚ್ಚರವಾದದ್ದೇ ಸೀದಾ ಬಚ್ಚಲ ಒಲೆಗೆ ಹೋಗಿ ಬೂದಿಯಲ್ಲಿ ಮಲಗಿತು. ಗಾಯಕ್ಕೆಲ್ಲ ಬೂದಿ. ಅದನ್ನು ನೋಡಿ ಅತ್ತೆ ಅರಿಶಿನ ಕಲಸಿಕೊಂಡು ಬಂದರು. ಅರಿಶಿನ, ಕೊಬ್ಬರಿ ಎಣ್ಣೆ ಯಾವುದೂ ಬೇಡ. ಹಚ್ಚಿದ್ದನ್ನು ನೆಕ್ಕಲು ಹೋಗಿ ಹೊಲಿಗೆಯನ್ನೇ ಕಿತ್ತುಕೊಳ್ಳುತ್ತವೆ. ನೆಕ್ಕದಂತೆ ಕೊರಳಿಗೆ ಲಾಳಿಕೆಯಂಥ ಪಟ್ಟಿ ಕಟ್ಟಿಸಿ. ಬೆಕ್ಕಿಗೆ ಹಳೆಯ ಬನಿಯನ್ ತುಂಡು ಹೊಲಿದು ತೊಡಿಸಿದರೂ ಆಗುತ್ತದೆ. ಸ್ನಾನ ಇಲ್ಲ, ತೋಟ ಸುತ್ತುವುದಿಲ್ಲ.

ನೋವಿಗೆಂದು ಮನೆಯ ಮಾತ್ರೆ ಕೊಡಬೇಡಿ. ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ, ಒಂದೇ ಮಾತ್ರೆಗೆ ಜೀವ ಹೋಗಬಹುದು.

ಗಾಯವನ್ನು ದಿನಕ್ಕೆ ಎರಡು ಸಲ ನೋಡಿ, ಮೂಸಿಯೂ ನೋಡಿ. ವಾಸನೆ ಬಂದರೆ, ರಕ್ತ ತೊಟ್ಟಿಕ್ಕಿದರೆ, ವಸಡು ಬಿಳಿಚಿಕೊಂಡರೆ, ಒಂದು ದಿನ ಕಳೆದರೂ ಏನೂ ತಿನ್ನದಿದ್ದರೆ ತಡಮಾಡದೆ ಡಾಕ್ಟರಿಗೆ ತೋರಿಸಿ. ಸಾಮಾನ್ಯವಾಗಿ 10ರಿಂದ 14 ದಿನಕ್ಕೆ ಹೊಲಿಗೆ ಬಿಚ್ಚುತ್ತಾರೆ.

ಆಮೇಲೆ ದಪ್ಪ ಆಗುತ್ತವೆ ಎನ್ನುವುದು ನಿಜ. ಹಸಿವು ಜಾಸ್ತಿ, ಮೈ ಖರ್ಚು ಮಾಡುವ ಶಕ್ತಿ ಕಡಿಮೆ. ಅನ್ನ, ಮೀನು ಕಾಲು ಭಾಗ ಕಡಿಮೆ ಹಾಕಿ ನೋಡಿ. ಕೆಲವು ಹೆಣ್ಣುನಾಯಿಗಳಿಗೆ, ಅದೂ ದೊಡ್ಡ ಜಾತಿಯವಕ್ಕೆ, ಮುಂದೆ ಮಲಗಿದಲ್ಲೇ ಮೂತ್ರ ಸೋರುವುದುಂಟು. ಅದಕ್ಕೆ ಔಷಧವಿದೆ.

ಬೀದಿನಾಯಿಗಳ ಆಪರೇಷನ್ ಸ್ಥಳೀಯ ಸಂಸ್ಥೆಗಳ ಹೊಣೆ. ಸಾಕಿದ ಪ್ರಾಣಿಯದು ಸಾಕಿದವರದೇ ಎಂದು 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳು ಹೇಳುತ್ತವೆ.

ಗಂಡಿಗೆ ಮಾಡಿಸಿದ್ದರೆ ಇನ್ನೊಂದು ಮಾತು. ಬೀಜ ತೆಗೆದ ಮೇಲೂ ಕೆಲವು ವಾರ ಅದರಿಂದ ಗಬ್ಬ ನಿಲ್ಲಬಹುದು. ಒಂದೂವರೆ ತಿಂಗಳು ಹೆಣ್ಣಿನ ಹತ್ತಿರ ಬಿಡಬೇಡಿ. ಪಕ್ಕದ ಮನೆಯವರಿಗೂ ಹೇಳಿಡಿ.